ಮೀನು ಕಾಣದ ಮೀನಿನ ಡಾಕ್ಟರು

ಮೂವತ್ತು ವರ್ಷಗಳ ಹಿಂದೆ ಧಾರವಾಡದ ಜಯತೀರ್ಥರು ಮೊಸರನ್ನ ಉಂಡು, ಚಳಿಗಾಲಗಳನ್ನೆಲ್ಲ ಗ್ರಂಥಾಲಯದಲ್ಲಿ ಕಳೆದು, ನದಿಗೂ ಕಡಲಿಗೂ ವಲಸೆ ಹೋಗುವ ಸಾಲ್ಮನ್ ಮುಂತಾದ ಮೀನುಗಳಿಂದ ಯುರೋಪಿನ ಯಾವ ದೇಶ ಎಷ್ಟು ಗಳಿಸುತ್ತದೆಂದು ನಿರ್ಣಯಿಸಿ ಡಾಕ್ಟರೇಟು ಸಂಪಾದಿಸಿದ್ದರು. ಒಂದೇ ಕೊರತೆ: ಮಡಿವಂತರ ಮನೆಯ ಮಗನಾದ ಅವರು ಮೀನನ್ನು ತಿನ್ನುವುದಿರಲಿ, ನೆಟ್ಟಗೆ ನೋಡಿಯೂ ಇರಲಿಲ್ಲ. ಈಗ ನೆಲೆಸಿದ ಅಮೆರಿಕದ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹೆಂಡತಿ ಪ್ರಭಾ ಹೊರತು ಈ ಗುಟ್ಟು ಯಾರಿಗೂ ತಿಳಿಯದಂತೆ ಮಾನ ಕಾಪಾಡಿಕೊಂಡಿದ್ದರು.

ಭಾನುವಾರ ಬೆಳಗ್ಗೆ ಪಕ್ಕದ ಮನೆಯ ಜಯರಾಮು ಬಾಗಿಲು ಬಡಿದ. ಮಂಡ್ಯದವನು, ಅವನ ಪಿಸುಮಾತೂ ಬೀದಿಗೆ ಕೇಳುತ್ತಿತ್ತು.

"ಸಾರ್, ಸಂಜೆ ನಮ್ಮನೇಲಿ ಊಟ. ಬನ್ನಿ, ಒಳ್ಳೆ ಸಾಲ್ಮನ್ ಸೆಲೆಕ್ಟ್ ಮಾಡ್ಕೊಡಿ. ಮೀನಲ್ಲೇ ಡಾಕ್ಟ್ರು ನೀವು!"

ಒಲ್ಲೆನೆನ್ನಲು ನಾಲಿಗೆ ಎದ್ದಿತು. ಬಿರುದು ಅದನ್ನು ಹಿಡಿದು ಕೂರಿಸಿತು.

ಮೀನಂಗಡಿಯಲ್ಲಿ ಜಯತೀರ್ಥರು ಬಿಸಿ ಹೆಂಚಿನ ಮೇಲಿನ ಬೆಕ್ಕಿನಂತೆ ಕಾಲು ಬದಲಿಸುತ್ತ ನಿಂತರು. ಮಂಜುಗಡ್ಡೆಯ ಮೇಲಿಂದ ಸಾಲುಸಾಲು ಕಣ್ಣುಗಳು ಅವರನ್ನೇ ದುರುಗುಟ್ಟಿದವು.

"ಯಾವ್ದು ತಗೊಳ್ಳೋಣ ಸಾರ್?"

"ಅದು ದೇಶದ ಮ್ಯಾಲೆ ಹೋಗ್ತದರಿ. ಐರ್ಲೆಂಡಿನ್ಯಾಗ ಅದರ ಕಿಮ್ಮತ್ತು ಒಂದು, ಫಿನ್ಲೆಂಡಿನ್ಯಾಗ ಇನ್ನೊಂದು..."

"ನ್ಯೂಜೆರ್ಸಿಯಲ್ಲಿ ಸಾರ್?"

ಬೇರೆ ದಾರಿಯಿರಲಿಲ್ಲ. ಕರವಸ್ತ್ರದಿಂದ ಮೂಗು ಮುಚ್ಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಮನಸ್ಸಿನಲ್ಲೇ ರಾಯರನ್ನು ನೆನೆದು ಬೆರಳು ಚಾಚಿದರು. ಅಂಗಡಿಯವನು ಹುಬ್ಬೇರಿಸಿದ. ಕಣ್ಣು ಮುಚ್ಚಿಯೇ ಮೀನು ಆರಿಸುವ ಪರಿಣತಿ ಕಂಡು ಜಯರಾಮುವಿನ ಮೈ ಜುಮ್ಮೆಂದಿತು.

ಸಂಜೆ ಅನ್ನ-ಮಜ್ಜಿಗೆಯಲ್ಲಿ ಪಾರಾಗುವೆನೆಂದು ಹೋದರೆ, ಜಯರಾಮುವಿನ ತಾಯಿ ಲಕ್ಷ್ಮಮ್ಮ ದಪ್ಪ ತುಂಡೊಂದನ್ನು ಅವರ ತಟ್ಟೆಗೇ ಹಾಕಿಬಿಟ್ಟರು. "ಮೊದಲ್ನೇ ತುಂಡು ನಿಮ್ದೇ ಬುದ್ಧಿ. ಬೆಣ್ಣೆ ಇದ್ದಂಗೈತೆ!"

ಊಟಕ್ಕೆ ಕುಳಿತವರೆಲ್ಲ ಕೈ ತಡೆದು ಅವರ ಮುಖವನ್ನೇ ನೋಡಿದರು. ತಿಂದರೆ ಕುಲ ಹೋದೀತು, ಬಿಟ್ಟರೆ ಬಿರುದು. ಕೊನೆಗೆ ಜಯತೀರ್ಥರು ಎದ್ದು ನಿಂತರು.

"ಖರೇ ಹೇಳ್ತೀನ್ರಿ. ನಾ ಮೀನು ತಿಂದವನಲ್ಲ. ಅಂಗಡ್ಯಾಗೂ ಕಣ್ಣು ಮುಚ್ಚಿಕೊಂಡಿದ್ದೆ. ಸಾಲ್ಮನ್ ಯಾವುದು, ಹಾವುಮೀನು ಯಾವುದು, ದೇವರಾಣೆ ಗೊತ್ತಿಲ್ಲ!"

ಬಿರುದು ಹೋಯಿತು, ಕುಲ ಉಳಿಯಿತು ಎಂದು ಅವರು ಉಸಿರು ಬಿಡುವಷ್ಟರಲ್ಲಿ ನಗೆ ಕುಕ್ಕರಿನ ಸೀಟಿಯಂತೆ ಚಿಮ್ಮಿತು.

"ಕಣ್ಮುಚ್ಕೊಂಡೇ ಇಂಥಾ ಪೀಸ್ ಹಿಡಿದ್ರಲ್ಲ, ನಾನು ನೋಡ್ಲಿಲ್ವಾ?" ಜಯರಾಮು ಕಣ್ಣು ಮಿಟುಕಿಸಿದ. "ಪ್ರಭಾ ಆಂಟಿಗೆ ಹೇಳೋ ಡೈಲಾಗು ನಮ್ ಹತ್ರಾನಾ ಸಾರ್? ತಿನ್ನಿ, ಯಾರೂ ಮನೇಲಿ ಹೇಳಲ್ಲ."

ಲಕ್ಷ್ಮಮ್ಮ ನಗುನಗುತ್ತ ಎರಡನೆಯ ತುಂಡು ಬಡಿಸಿದರು.

ಜಯರಾಮುವಿನ ಮಗಳು ನಿಧಿ ಕಣ್ಣೊರೆಸಿಕೊಳ್ಳುತ್ತ ಫೋನೆತ್ತಿ ಹಿಡಿದಳು: "ಅಂಕಲ್, ಯೂ ಆರ್ ಸೋ ಫನ್ನಿ! ಆ ದೇವರಾಣೆ ಪಾರ್ಟ್... ಒನ್ ಮೋರ್ ಟೈಮ್, ಪ್ಲೀಸ್!"