ಡಾರತಿಯವರ ಖಾಲಿ ತೋಟಾಗಳು

ದೂರದೇಶದಲ್ಲಿರುವವರು ಊರಿಗೆ ಬರೆಯುವ ಪ್ರತಿ ಕಾಗದದಲ್ಲೂ ಒಂದಲ್ಲ ಒಂದು ವಿಷಯವನ್ನು ಬಿಟ್ಟೇ ಬರೆಯುತ್ತಾರೆ. ಒಬ್ಬರು ಮೊಟ್ಟೆ ತಿನ್ನಲು ಶುರುಮಾಡಿದ್ದನ್ನು ಬಿಡುತ್ತಾರೆ, ಇನ್ನೊಬ್ಬರು ಜನಿವಾರ ಬಚ್ಚಲುಮನೆಯ ಗೂಟಕ್ಕೆ ನೇತುಬಿದ್ದಿರುವುದನ್ನು ಬಿಡುತ್ತಾರೆ. ನಾನು ಬಿಟ್ಟದ್ದು ಇವೆರಡಕ್ಕಿಂತ ವಿಚಿತ್ರವಾದದ್ದು. ಎಂಬತ್ತರ ದಶಕದ ನಡುವೆ ಸುಮಾರು ಆರು ತಿಂಗಳು, ಪ್ರತಿ ಶನಿವಾರ ಬೆಳಿಗ್ಗೆ, ನಾನು ಪಕ್ಕದ ಮನೆಯ ಗ್ಯಾರೇಜಿನಲ್ಲಿ ಕೂತು ಪಿಸ್ತೂಲಿನ ಖಾಲಿ ತೋಟಾಗಳಿಂದ ಸುಟ್ಟ ಕೇಪುಗಳನ್ನು ತೆಗೆಯುತ್ತಿದ್ದೆ. ಜಿರಲೆಯನ್ನು ಪೊರಕೆಯಿಂದ ಮೆಲ್ಲಗೆ ಹೊರಗೆ ತಳ್ಳಿ ‘ಹೋಗಪ್ಪಾ’ ಎನ್ನುತ್ತಿದ್ದ ನನ್ನ ತಾಯಿಗೆ ಇದನ್ನು ಬರೆಯುವುದಾದರೂ ಹೇಗೆ? ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದು ಅಂಟಿಸಿಬಿಡುತ್ತಿದ್ದೆ.

ಆಗ ನಾವು ಗಿಲ್‌ರಾಯ್‌ನಲ್ಲಿದ್ದೆವು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ವರ್ಜ್ಯ. ಮನೆ ಕೊಂಡದ್ದು ಮಾತ್ರ ಸುತ್ತಲೂ ಬೆಳ್ಳುಳ್ಳಿ ಹೊಲಗಳಿದ್ದು ಗಾಳಿಯೇ ಬೆಳ್ಳುಳ್ಳಿ ಒಗ್ಗರಣೆಯಂತೆ ಬೀಸುವ ಊರಿನಲ್ಲಿ. ಸ್ಯಾನ್ ಹೋಸೆಯ ಎವರ್‌ಗ್ರೀನ್ ಕಡೆ ಕನ್ನಡದವರ ಮನೆಗಳಿದ್ದವು, ಆದರೆ ಅಲ್ಲಿ ಮನೆ ನಮ್ಮ ಕೈಗೆ ಎಟುಕಲಿಲ್ಲ. ವಾರದ ಐದು ದಿನ ಫ್ರೀವೇಯಲ್ಲಿ ಮೌಂಟನ್ ವ್ಯೂನ ಆಫೀಸಿಗೆ ಹೋಗಿ ಬರುವುದರಲ್ಲೇ ನನ್ನ ಜೀವ ಅರ್ಧ ಸವೆಯುತ್ತಿತ್ತು. ಶನಿವಾರ ಬಂದರೆ ನನ್ನ ಹೆಂಡತಿ ವಿಮಲೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಡ್ಯೂಟಿ. ಮನೆಯಲ್ಲಿ ನಾನು, ಫ್ರಿಜ್ಜು, ಫ್ರಿಜ್ಜಿನ ಗುಂಯ್‌ಗುಡುವ ಸದ್ದು. ನನಗೆ ಬೇಸರವಾಗಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಕೈತುಂಬ ಸಂಬಳ ಬರುವ ಇಂಜಿನಿಯರಿಗೆ ಬೇಸರವೆಂದರೆ ಜನ ನಗುತ್ತಾರೆ ಎಂದು ನನ್ನ ನಂಬಿಕೆ.

ಅಂಥದೊಂದು ಶನಿವಾರ ಪಕ್ಕದ ಗ್ಯಾರೇಜಿನಿಂದ ಠಣ್ ಎಂಬ ಸದ್ದು, ಅದರ ಹಿಂದೆಯೇ ಒಂದು ಬೈಗುಳ ಕೇಳಿಸಿತು. ಹೋಗಿ ನೋಡಿದರೆ ಡಾರತಿ. ಅರವತ್ತೆಂಟು ವಯಸ್ಸು, ಬೆಳ್ಳುಳ್ಳಿ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದು ನಿವೃತ್ತಿಯಾದವರು, ಭಾನುವಾರ ಬೆಳಿಗ್ಗೆ ಕ್ಲಬ್ಬಿಗೆ ಹೋಗಿ ಕಾಗದದ ಗುರಿಗೆ ಪಿಸ್ತೂಲು ಹೊಡೆಯುವವರು. ಅಡಕೊತ್ತಿನಂಥ ಒಂದು ಸಲಕರಣೆ ನೆಲದಲ್ಲಿ ಬಿದ್ದಿತ್ತು. ಅವರ ಬೆರಳಿನ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿದ್ದವು. “ಎರಡು ವರ್ಷದಿಂದ ಕಷ್ಟ ಆಗ್ತಿತ್ತು, ಈಗ ಇದನ್ನ ಅದುಮೋಕೇ ಆಗ್ತಿಲ್ಲ,” ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಈಗ ನೆನಪಿಗೆ ಬರುವುದು ಮೈಸೂರಿನ ಕನ್ನಡದಲ್ಲಿ.

ವಿಷಯ ಇಷ್ಟು. ಪಿಸ್ತೂಲಿನಿಂದ ಹಾರುವುದು ತೋಟಾದ ತುದಿಯ ಗುಂಡು ಮಾತ್ರ, ಹಿತ್ತಾಳೆಯ ಕೊಳವೆ ಉಳಿಯುತ್ತದೆ. ಅದರ ಬುಡದಲ್ಲಿ ದೀಪಾವಳಿಯ ಮಕ್ಕಳ ಪಿಸ್ತೂಲಿನ ಕೇಪಿನಂಥದೇ ಒಂದು ಕೇಪಿರುತ್ತದೆ, ಆದರೆ ಲೋಹದ್ದು. ಸುಟ್ಟ ಕೇಪನ್ನು ಆ ಸಲಕರಣೆಯಿಂದ ಅದುಮಿ ತೆಗೆದು, ಕೊಳವೆ ತೊಳೆದು ಕೊಟ್ಟರೆ ಮತ್ತೆ ತುಂಬಬಹುದು. ತುಂಬುವುದು ಕ್ಲಬ್ಬಿನಲ್ಲಿ, ಇನ್ನೊಬ್ಬರ ಯಂತ್ರದಲ್ಲಿ. ಕೇಪು ತೆಗೆಯದ, ತೊಳೆಯದ ಕೊಳವೆಯನ್ನು ಆ ಮನುಷ್ಯ ಮುಟ್ಟುತ್ತಿರಲಿಲ್ಲ. ಮಡಿ ಎಲ್ಲ ಜಾತಿಯಲ್ಲೂ ಇದೆ. ಕೈಲಾಗದವರ ಕೊಳವೆಗಳನ್ನು ಬೇರೆ ಸದಸ್ಯರು ಕರುಣೆಯಿಂದ ಮಾಡಿಕೊಡುತ್ತಿದ್ದರು. ಡಾರತಿಗೆ ಆ ಕರುಣೆ ಬೇಡವಾಗಿತ್ತು. ಅದಕ್ಕಿಂತ ಕ್ಲಬ್ಬನ್ನೇ ಬಿಡುವ ಯೋಚನೆಯಲ್ಲಿದ್ದರು.

ನಾನು ಸ್ಟೂಲು ಎಳೆದುಕೊಂಡು ಕೂತೆ. ಹಳೆಯ ಡಬ್ಬದಲ್ಲಿ ಒಂದು ಸರಳು, ಒಂದು ಪುಟ್ಟ ಪೀಠ, ಮರದ ಸುತ್ತಿಗೆ ಸಿಕ್ಕವು. ಡಾರತಿ ಒಂದೊಂದು ಕೊಳವೆಯನ್ನೂ ಕನ್ನಡಕದ ಹತ್ತಿರ ಹಿಡಿದು, ಕೇಪು ನಿಜಕ್ಕೂ ಸುಟ್ಟಿದೆಯೇ ಎಂದು ನೋಡಿ ಕೊಡುವರು. ನಾನು ಅದನ್ನು ಪೀಠದ ಮೇಲಿಟ್ಟು, ಒಳಗೆ ಸರಳು ತೂರಿಸಿ ಒಂದು ಪೆಟ್ಟು ಹಾಕುವೆ. ಕೇಪು ಟಿಕ್ಕೆಂದು ಬೀಳುವುದು. ಮರುವಾರ ನಾನೇ ಹುಣಸೆಹಣ್ಣು ಒಯ್ದೆ. ಹಿತ್ತಾಳೆ ಬೆಳಗುವುದರಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಬ್ಬದ ಹಿಂದಿನ ದಿನದ ದೀಪಗಳಂತೆ ತೋಟಾಗಳು ಹೊಳೆದವು. ಕ್ಲಬ್ಬಿನಲ್ಲಿ ಎಲ್ಲರೂ ಅದೇನು ದ್ರಾವಣವೆಂದು ಕೇಳಿದರಂತೆ, ಡಾರತಿ ಬಾಯಿ ಬಿಡಲಿಲ್ಲವಂತೆ. ಹೀಗೆ ವಾರಗಳು ಹೋದವು. ಅವರು ಶೆಡ್ಡಿನ ಮೇಸ್ತ್ರಿಗಳ ಕಥೆ ಹೇಳುವರು, ನಾನು ಆಫೀಸಿನ ಮ್ಯಾನೇಜರುಗಳ ಕಥೆ ಹೇಳುವೆ. ಮನುಷ್ಯಜಾತಿಯ ವಿಚಾರದಲ್ಲಿ ನಮ್ಮಿಬ್ಬರ ಅಭಿಪ್ರಾಯವೂ ಒಂದೇ ಆಗಿತ್ತು.

ಒಂದು ದಿನ ಡಾರತಿ, “ನೀನು ಇಂಜಿನಿಯರು. ನಾನೇ ನಡೆಸಬಹುದಾದ ಒಂದು ಸಾಧನ ಆರಿಸಿಕೊಡು,” ಎಂದರು. ಆಫೀಸಿನಲ್ಲಿ ನನ್ನನ್ನು ಯಾರೂ ಯಾವುದನ್ನೂ ಆರಿಸು ಎಂದು ಕೇಳಿದವರಲ್ಲ. ಆರಿಸಿದ್ದರ ಮೇಲೆ ಸಹಿ ಹಾಕು ಎಂದಷ್ಟೇ ಕೇಳುತ್ತಿದ್ದರು. ನಾನು ಉಬ್ಬಿಹೋದೆ. ಕ್ಯಾಟಲಾಗು ತರಿಸಿದೆ. ಅದುಮುವಂಥದು, ಬಡಿಯುವಂಥದು, ಮೇಜಿಗೆ ಬಿಗಿದು ಹಿಡಿ ಎಳೆಯುವಂಥದು ಎಂದು ಮೂರು ಪಂಗಡ ಮಾಡಿ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದೆ. ಆದರೆ ಹಾಳೆಗೆ ಸಂಧಿವಾತವಿಲ್ಲವಲ್ಲ. ವಿಮಲೆಯ ಡ್ರಾಯರಿನಿಂದ ಆಸ್ಪತ್ರೆಯ ಟೇಪು ತೆಗೆದು, ಎರಡೂ ಕೈಯ ಬೆರಳುಗಳನ್ನು ಮಡಿಸಲಾಗದಂತೆ ಸುತ್ತಿಸಿಕೊಂಡು, ಅವಳಿಂದಲೇ ಕಾರು ನಡೆಸಿಸಿ, ಸ್ಯಾನ್ ಹೋಸೆಯ ಬಂದೂಕಿನ ಅಂಗಡಿಗೆ ಹೋದೆ. ಹತ್ತೂ ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡ ಮನುಷ್ಯ ಅಂಥ ಅಂಗಡಿಯಲ್ಲಿ ನಿಂತರೆ ಜನ ಸ್ವಲ್ಪ ದೂರವೇ ನಿಲ್ಲುತ್ತಾರೆ.

“ಏನಾಯ್ತು ಕೈಗೆ?” ಎಂದ ಅಂಗಡಿಯವನು.

“ಏನೂ ಆಗಿಲ್ಲ, ಪರೀಕ್ಷೆ ಮಾಡ್ತಿದೀನಿ,” ಎಂದೆ.

ವಿಮಲೆ ಕಪಾಟಿನಾಚೆ ಸರಿದು, ಯಾರ ಹೆಂಡತಿಯೂ ಅಲ್ಲದವಳಂತೆ ಬೂಟುಗಳನ್ನು ನೋಡುತ್ತಿದ್ದಳು.

ಅದುಮುವ ಸಾಧನಗಳೆಲ್ಲ ನನ್ನ ಕೈಯಿಂದ ಜಾರಿ ಬಿದ್ದವು. ಬಡಿಯುವುದಕ್ಕೆ ಸುತ್ತಿಗೆ ಕೈಯಲ್ಲಿ ನಿಲ್ಲಲಿಲ್ಲ. ಉಳಿದದ್ದು ಮೇಜಿಗೆ ಬಿಗಿಯುವ ಪ್ರೆಸ್ಸು. ಅದರ ಹಿಡಿಯ ತುದಿಯ ಉಂಡೆ ಮಾತ್ರ ಚಿಕ್ಕದು, ಊದಿದ ಬೆರಳಿಗೆ ಹಿಡಿತ ಸಿಗದು. ಅದನ್ನೇ ಕೊಂಡು ಮನೆಗೆ ತಂದು, ವಿಮಲೆಯ ಲಟ್ಟಣಿಗೆಗೆ ತೂತು ಕೊರೆದು ಹಿಡಿಗೆ ಸಿಕ್ಕಿಸಿದೆ. ಬೆರಳು ಬೇಡ, ಮುಂಗೈ ಇಟ್ಟು ಒತ್ತಿದರೆ ಸಾಕು.

“ಮರದ ತುಂಡು ಬೇಕಾದ್ರೆ ಅಂಗಡೀಲಿ ಸಿಗಲ್ವೇನ್ರೀ?”

“ಇದು ಹತ್ತು ವರ್ಷ ನಿನ್ನ ಕೈಯಲ್ಲಿ ಆಡಿ ನುಣುಪಾಗಿದೆ ಕಣೆ. ಆ ನುಣುಪು ಅಂಗಡೀಲಿ ಸಿಗಲ್ಲ.”

ಮದುವೆಯಾದಂದಿನಿಂದ ನಾನು ಅವಳಿಗೆ ಆಡಿದ ಅತ್ಯಂತ ಪ್ರೀತಿಯ ಮಾತು ಅದೇ ಇರಬೇಕು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಅನ್ನವೇ.

ಗುರುವಾರ ಸಂಜೆ ಡಾರತಿಯವರ ಮೇಜಿಗೆ ಪ್ರೆಸ್ಸು ಕೂರಿಸಿದೆ. ಶನಿವಾರ ಹತ್ತು ಗಂಟೆಗೆ ಹೋದಾಗ ಗ್ಯಾರೇಜಿನಲ್ಲಿ ಕೇಪು ತೆಗೆದ ಕೊಳವೆಗಳು ಟವೆಲಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ಇನ್ನೂರಕ್ಕೂ ಹೆಚ್ಚು. ಹುಣಸೆ ನೀರಿನಲ್ಲಿ ತೊಳೆದದ್ದೂ ಆಗಿತ್ತು. ಡಾರತಿಯ ಕಣ್ಣು ತುಂಬಿತ್ತು. “ಎಲ್ಲಾ ನಾನೇ ಮಾಡಿದೆ, ಮೂರ್ತಿ. ಒಂದೂ ಬಿಡದ ಹಾಗೆ ನಾನೇ.” ಆಮೇಲೆ ನನ್ನ ಕೈ ಹಿಡಿದುಕೊಂಡು, “ಆರು ತಿಂಗಳಿಂದ ನಿನ್ನ ಶನಿವಾರಗಳನ್ನೆಲ್ಲಾ ನಾನು ತಿಂದುಹಾಕಿದೆ. ನಿನ್ನ ಹೆಜ್ಜೆ ಸದ್ದು ಕೇಳಿದಾಗಲೆಲ್ಲಾ ನಾಚಿಕೆ ಆಗೋದು. ಇನ್ನು ನೀನು ಆರಾಮಾಗಿರು,” ಎಂದರು.

ಸಂತೋಷ ಎಂದೆ. ಅದು ಸುಳ್ಳಲ್ಲ. ಆದರೆ ನಮ್ಮಿಬ್ಬರ ಮನೆಯ ನಡುವಿನ ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮುಂದಿನ ಶನಿವಾರ ಎಲ್ಲಿ ಕೂರುವುದೆಂದು ನನಗೆ ಹೊಳೆಯದಾಯಿತು. ಉಪಕಾರ ಮಾಡುತ್ತಿದ್ದೇನೆ ಎಂಬ ಜಂಬದಲ್ಲಿ ಹೋಗುತ್ತಿದ್ದೆ. ಉಪಕಾರ ಪಡೆಯುತ್ತಿದ್ದವನು ನಾನೇ ಎಂದು ಹೇಳುವ ಬುದ್ಧಿ ಒಂದು ದಿನವೂ ಬರಲಿಲ್ಲ. ಬಂದಿದ್ದರೆ ಆಕೆ ಆರು ತಿಂಗಳು ನಾಚಬೇಕಾಗಿರಲಿಲ್ಲ. ನನ್ನ ಗ್ರಾಫ್ ಹಾಳೆಯಲ್ಲಿ ನನಗೆ ಜಾಗವೇ ಇರಲಿಲ್ಲ.

ಮುಂದಿನ ಎರಡು ಶನಿವಾರ ಮನೆಯಲ್ಲೇ ಕಳೆದೆ. ಎರಡನೆಯ ಶನಿವಾರ ಸಂಜೆ ಡ್ಯೂಟಿ ಮುಗಿಸಿ ಬಂದ ವಿಮಲೆ ನೋಡಿದಳು: ನಮ್ಮ ಮನೆಯ ದೀಪ, ತಟ್ಟೆ, ಗಂಟೆ, ಕೊನೆಗೆ ಬಾಗಿಲ ಹಿಡಿಯೂ ಫಳಫಳ ಹೊಳೆಯುತ್ತಿದ್ದವು.

“ಡಾರತಿ ಮನೆಗೆ ಹೋಗಬಾರದಿತ್ತಾ?” ಎಂದಳು.

“ಅಲ್ಲಿ ಏನು ಕೆಲಸ?”

“ಕೆಲಸ ಇದ್ದರೇನೇ ಒಬ್ಬರ ಮನೆಗೆ ಹೋಗಬೇಕಾ? ನಮ್ಮೂರಲ್ಲಿ ಯಾರು ಯಾವ ಕೆಲಸಕ್ಕೆ ಬರ್ತಿದ್ರು, ಹೇಳಿ ನೋಡೋಣ.”

ಮರುವಾರ ಹೋದೆ. ಗ್ಯಾರೇಜಿನ ಬಾಗಿಲಲ್ಲಿ ಎರಡೂ ಕೈ ಖಾಲಿ ಬಿಟ್ಟುಕೊಂಡು ನಿಂತಾಗ ಬೀದಿಯಲ್ಲಿ ಬರಿಮೈಯಲ್ಲಿ ನಿಂತಷ್ಟೇ ಸಂಕೋಚವಾಯಿತು. ಡಾರತಿ ಪ್ರೆಸ್ಸಿನ ಹಿಡಿಗೆ ಮುಂಗೈ ಊರಿಕೊಂಡೇ ತಿರುಗಿ, “ಏನು ಬೇಕಿತ್ತು ಮೂರ್ತಿ?” ಎಂದರು.

“ಏನಿಲ್ಲ. ಶನಿವಾರ ನನಗೆ ಹೊತ್ತೇ ಹೋಗೋದಿಲ್ಲ. ಸುಮ್ಮನೆ ಬಂದೆ.”

ಅವರು ಕಾಲಿನಿಂದ ಸ್ಟೂಲನ್ನು ನನ್ನ ಕಡೆ ನೂಕಿ, “ಪೆದ್ದ! ಮೊದಲೇ ಹೇಳಬಾರದಿತ್ತಾ?” ಎಂದು ಮತ್ತೆ ಹಿಡಿ ಒತ್ತಿದರು. ನಾನು ಕೂತೆ. ಐದು ನಿಮಿಷವಾಗಿರಬಹುದು. ಅವರ ಮೇಜಿನ ಒಂದು ಕಾಲು ಗಿಡ್ಡವೆಂದು ಕಂಡಿತು. ಪ್ರತಿ ಸಲ ಒತ್ತಿದಾಗಲೂ ಮೇಜು ಸ್ವಲ್ಪ ವಾಲುತ್ತಿತ್ತು. ಒಂದು ಚಕ್ಕೆ ಕೊಟ್ಟರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.