ಈಜುಕೊಳಕ್ಕೆ ಜಲದ ಕಣ್ಣು

ಫೋನು ಬಂದದ್ದು ಎದುರು ಮನೆಯ ಆಂಜಿನಪ್ಪನವರಿಗೆ, ಬೆವರೊಡೆದದ್ದು ಕೊಟ್ರಪ್ಪನಿಗೆ. ಅವನ ಬಾಡಿಗೆ ಮನೆಯ ಮಾಲೀಕರಾದ ಕರ್ನಲ್ ಸಾಹೇಬರು ಅಂದು ಸಂಜೆಯೇ ಈಜುಕೊಳ ನೋಡಲು ಬರುತ್ತಾರಂತೆ. ಭಾನುವಾರವೆಂದು ನಿಧಾನವಾಗಿ ಮಂಡಕ್ಕಿ ಒಗ್ಗರಣೆ ಮೆಲ್ಲುತ್ತಿದ್ದವನು ತಟ್ಟೆ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದ. ಕೊಳದ ನೀರು ಸೊಪ್ಪಿನ ಸಾರಿನಂತೆ ಹಸಿರುಗಟ್ಟಿತ್ತು. ನಡುವೆ ತೇಲುತ್ತಿದ್ದ ತೆಂಗಿನ ಗರಿಯ ಮೇಲೆ ಕಪ್ಪೆಯೊಂದು ಬಾಡಿಗೆ ಬಾಕಿ ಇಲ್ಲದವರ ಗತ್ತಿನಲ್ಲಿ ಕುಳಿತಿತ್ತು.

ಕೊಟ್ಟೂರು ಕಡೆಯ ಕೊಟ್ರಪ್ಪ ವೈಟ್‌ಫೀಲ್ಡಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಅವನ ಸಂಬಳಕ್ಕೆ ಇಂಥ ಹಳೇ ಬಂಗಲೆ ಸಿಕ್ಕಿದ್ದು ಒಂದೇ ಷರತ್ತಿನ ಮೇಲೆ. ಈಜುಕೊಳ ಚೊಕ್ಕಟವಾಗಿರಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು. ಮನೆಯಲ್ಲಿ ಯಾರಿಗೂ ಈಜು ಬಾರದು. ಮಳೆಗಾಲದಲ್ಲಿ ಕೊಳದ ಮೋಟಾರು ಸುಟ್ಟಮೇಲೆ ಅವನು ಆ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದ. ಈ ಕೊಳವೊಂದು ಇರದಿದ್ದರೆ ತನ್ನಷ್ಟು ಸುಖಿ ಯಾರೂ ಇಲ್ಲ ಎಂಬುದು ಅವನ ನಿತ್ಯದ ಹಾಡು. ಹೆಂಡತಿ ಶಾಂಭವಿಗಂತೂ ಈ ಮನೆಯೆಂದರೆ ಜೀವ. ಟಿ. ದಾಸರಹಳ್ಳಿಯ ಒಂಟಿ ಕೋಣೆಯಲ್ಲಿ ಒಲೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಒಟ್ಟಿಗೇ ಕಂಡು ಬಂದವಳು ಅವಳು.

"ಏನಾರ ಮಾಡ್ರಿ. ಮತ್ತ ಆ ಖೋಲಿಗೆ ಮಾತ್ರ ನಾ ಬರಂಗಿಲ್ಲ," ಎಂದು ಒಂದೇ ಮಾತಿನಲ್ಲಿ ಹೇಳಿ ಒಳಗೆ ಹೋದಳು.

ಆಂಜಿನಪ್ಪನವರು ಆಗಲೇ ಪಂಚೆ ಎತ್ತಿ ಕಟ್ಟಿ ಮುಂದಾಳತ್ವ ವಹಿಸಿಕೊಂಡಾಗಿತ್ತು. ಕುಂದಲಹಳ್ಳಿಯಲ್ಲಿ ಬಾವಿಗಳ ಹೂಳೆತ್ತುವ ನಲ್ಲಪ್ಪನಿಗೆ ಹೇಳಿಕಳುಹಿಸಿದರು. ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದಿಂದ ಕುಷ್ಟಗಿ ಕಡೆಯ ಗಾರೆ ಕೆಲಸದ ಬಸಲಿಂಗನನ್ನು ಕರೆತಂದರು. ತಮ್ಮ ಡೀಸೆಲ್ ಪಂಪನ್ನೂ ತಂದು ಕೂರಿಸಿ, ಕೊಳದ ನೀರನ್ನೆಲ್ಲ ತಮ್ಮ ದಂಟಿನ ಸೊಪ್ಪಿನ ಮಡಿಗಳಿಗೆ ತಿರುಗಿಸಿಕೊಂಡರು. ಕೊಟ್ರಪ್ಪನಿಗೆ ಕೈ ಮುಗಿದೂ ಮುಗಿದೂ ಸಾಕಾಯಿತು. ತನ್ನ ಕಾಲು ತುಳಿದವನಿಗೇ ಥ್ಯಾಂಕ್ಸ್ ಹೇಳುವ ಜಾಯಮಾನ ಅವನದು. ಸಹಾಯಕ್ಕೆ ಬಂದವರನ್ನು ಬೇಡ ಎನ್ನುವ ವಿದ್ಯೆ ಮಾತ್ರ ಅವನಿಗೆ ಒಲಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಳ ಬರಿದಾಯಿತು. ನೀರಿನ ಟ್ಯಾಂಕರ್ ಗೊತ್ತುಮಾಡಲು ಹೋದ ಕೊಟ್ರಪ್ಪ ಮರಳಿ ಬಂದಾಗ ಹಿತ್ತಲಿನಿಂದ ಧಡ್ ಧಡ್ ಎಂಬ ಸದ್ದು ಕೇಳಿಸುತ್ತಿತ್ತು. ಬಗ್ಗಿ ನೋಡಿದರೆ, ಥಳಥಳ ತೊಳೆದ ಕೊಳದ ನಟ್ಟನಡುವೆ ನಲ್ಲಪ್ಪ ಹಾರೆ ಹಿಡಿದು ನಿಂತಿದ್ದಾನೆ. ಕಾಲ ಬಳಿ ತಳಕ್ಕೆ ಹಾಸಿದ್ದ ನೀಲಿ ಬಿಲ್ಲೆಗಳು ಚೂರಾಗಿ ಬಿದ್ದಿವೆ, ಪಕ್ಕದಲ್ಲೇ ಮಗು ಕೂರುವಷ್ಟು ದೊಡ್ಡ ತೂತು.

"ನೀರುಕ್ಕೋ ಜಲದ ಕಣ್ಣೇ ಮುಚ್ಚೋಗಿತ್ತು ಸಾಮಿ," ಎಂದ ನಲ್ಲಪ್ಪ ಬೆವರೊರೆಸಿಕೊಳ್ಳುತ್ತ. "ಯಾವನೋ ಮ್ಯಾಲೆ ಬಿಲ್ಲೆ ಮೆತ್ಬುಟ್ಟವ್ನೆ. ಊಳು ತೆಗೆದ್ಮ್ಯಾಕೆ ಕಣ್ಣು ಬಿಡಿಸ್ದೆ ಓದ್ರೆ ನಮ್ ಕೆಲ್ಸಕ್ಕೇನು ಬೆಲೆ?"

ಕೊಟ್ರಪ್ಪನಿಗೆ ನೆಲವೇ ಬಾಯ್ಬಿಟ್ಟಂತಾಯಿತು. ಇದು ಬಾವಿಯಲ್ಲ ಮಾರಾಯ ಎಂದು ಕೂಗಬೇಕೆನ್ನಿಸಿತು. ಆದರೆ ಆ ಮನುಷ್ಯ ಬೆಳಗಿನಿಂದ ಕತ್ತಿನವರೆಗೆ ಪಾಚಿ ಬಳಿದುಕೊಂಡು ದುಡಿದಿದ್ದ. ಬಾಯಿಂದ ಹೊರಬಿದ್ದದ್ದು, ತುಂಬಾ ಉಪಕಾರವಾಯಿತು, ಇಷ್ಟು ಸಾಕು ಎಂಬ ಮಾತು.

ತೂತು ಮುಚ್ಚುವ ಭಾರ ಬಸಲಿಂಗನ ಮೇಲೆ ಬಿತ್ತು. ಅವನು ಸಿಮೆಂಟಿಗೆ ಸೋರಿಕೆ ತಡೆಯುವ ಪುಡಿ ಕಲಸಿ ಮೆತ್ತಿದ. ಎರಡು ದಿನ ನೀರು ತಾಕಿಸುವಂತಿಲ್ಲ ಎಂದ. ಸಂಜೆಗೇ ತುಂಬಿಸಬೇಕೆಂದಾಗ ತಲೆ ಕೆರೆದುಕೊಂಡು, ಮೇಲೆ ಪ್ಲಾಸ್ಟಿಕ್ ಹೊದಿಸಿ ಕಡಪ ಕಲ್ಲು ಹಾಸಿ, ಅದರ ಮೇಲೆ ಭಾರವಾದದ್ದು ಏನಾದರೂ ಹೇರಬೇಕು ಎಂದ. ಮನೆಯಲ್ಲಿ ಅಷ್ಟು ಭಾರದ್ದು ಇದ್ದದ್ದು ಶಾಂಭವಿಯ ತವರಿನ ರುಬ್ಬುವ ಕಲ್ಲೊಂದೇ. ಅವಳು ಗಂಡನನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿ, ದಾಸರಹಳ್ಳಿಯನ್ನು ನೆನೆದು ದಾರಿ ಬಿಟ್ಟಳು.

ಟ್ಯಾಂಕರ್ ಬಂದರೆ ನಲ್ಲಪ್ಪ ಅಡ್ಡ ನಿಂತ. ಗಂಗಮ್ಮನ ಪೂಜೆಯಾಗದೆ ನೀರು ಬಿಡುವುದುಂಟೇ? ರುಬ್ಬುವ ಕಲ್ಲಿಗೆ ಅರಿಶಿನ ಕುಂಕುಮ ಮೆತ್ತಿದ, ಕಣಗಿಲೆ ಹೂವಿಟ್ಟ, ಕಾಯಿ ಒಡೆದ. ಆಮೇಲೆ ಒಂದರ ಹಿಂದೊಂದು ಟ್ಯಾಂಕರ್ ಬಂದು ಎದೆಮಟ್ಟ ತಿಳಿನೀರು ನಿಂತಿತು. ಹೂಗಳು ಮೇಲೆ ತೇಲಿಬಂದವು. ಯಾರದೋ ಮನೆಯ ಕೊಳಕ್ಕಾಗಿ ತಮ್ಮ ಭಾನುವಾರ ಕಳೆದುಕೊಂಡು ದಣಿದು ಕೂತವರನ್ನು ಕಂಡು ಕೊಟ್ರಪ್ಪನ ಕಣ್ಣು ನಿಜಕ್ಕೂ ತುಂಬಿಬಂತು. ಈ ಊರಿನಲ್ಲಿ ತನಗೂ ಜನ ಇದ್ದಾರೆ ಅನ್ನಿಸಿತು.

ಅಷ್ಟರಲ್ಲಿ ಜೀಪು ಬಂತು. ಅದರ ಹಿಂದೆಯೇ ಕೆಮ್ಮಣ್ಣು ಹೇರಿಕೊಂಡ ಟ್ರ್ಯಾಕ್ಟರೊಂದು ಬಂದು ಗೇಟಿನ ಬಳಿ ನಿಂತಿತು. ಪಕ್ಕದ ಕಟ್ಟಡಕ್ಕಿರಬೇಕು ಎಂದುಕೊಂಡ ಕೊಟ್ರಪ್ಪ. ಕರ್ನಲ್ ಸಾಹೇಬರು ಸೀದಾ ಹಿತ್ತಲಿಗೆ ನಡೆದು, ನೀರು ಕಂಡು ಗಕ್ಕನೆ ನಿಂತರು. ಕೈಕೋಲಿನಿಂದ ತಳದ ಕಡೆ ತೋರಿಸಿ ಅದೇನೆಂದು ಕೇಳಿದರು. ರುಬ್ಬುವ ಕಲ್ಲು ಕಾಣದಂತೆ ಕೊಟ್ರಪ್ಪ ಅಂಚಿಗೆ ಸರಿದು ನಿಂತ.

"ಗಂಗಮ್ಮ, ಸಾಮಿ," ಎಂದ ನಲ್ಲಪ್ಪ.

ಸಾಹೇಬರು ಬೂಟು ಬಿಚ್ಚಿದರು. ಪ್ಯಾಂಟು ಮಡಚಿ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟರು.

"ಇಲ್ಲೊಂದು ಗಂಗೆ ಪೂಜೆ ಮಾಡ್ಸಿ ಅಂತ ನನ್ನ ಹೆಂಡ್ತಿ ಕೊನೇವರೆಗೂ ಕೇಳ್ತಿದ್ಲು, ಮಿಸ್ಟರ್ ಕೊಟ್ರಪ್ಪ. ನಾನು ನಗ್ತಿದ್ದೆ. ಅವಳು ಹೋದ್ಮೇಲೆ ಇದನ್ನ ನೋಡೋಕೇ ಆಗ್ತಿರ್ಲಿಲ್ಲ," ಎಂದರು. "ನಿಮಗೂ ಇದೊಂದು ಕಾಟ ಯಾಕೆ, ಮುಚ್ಚಿಸಿಬಿಡೋಣ, ನೀವು ಮನೇಲಿ ಆರಾಮಾಗಿರಿ ಅಂತ ಇವತ್ತು ಮೊದಲ್ನೇ ಲೋಡ್ ಮಣ್ಣು ತಂದಿದ್ದೆ."

ಕೊಟ್ರಪ್ಪ ಗೇಟಿನ ಕಡೆ ತಿರುಗಿ ನೋಡಿದ. ಇಡೀ ಟ್ರ್ಯಾಕ್ಟರ್ ತುಂಬ, ಒಳ್ಳೆ ಗಟ್ಟಿ ಕೆಮ್ಮಣ್ಣು.

"ಇನ್ನು ಆ ಮಾತಿಲ್ಲ. ನೀವು ಇಷ್ಟು ಪ್ರೀತಿಯಿಂದ ನೋಡ್ಕೊಂಡಿದೀರಿ. ನೀರು ಮೇಲಿನವರೆಗೂ ತುಂಬಿಸಿಡಿ, ಪ್ರತಿ ಭಾನುವಾರ ಬಂದು ಈಜ್ತೀನಿ," ಎಂದವರೇ ಸಾಹೇಬರು ವಾಪಸು ಹೋಗುವಂತೆ ಟ್ರ್ಯಾಕ್ಟರಿನ ಡ್ರೈವರನಿಗೆ ಕೈ ಬೀಸಿದರು.

ಟ್ರ್ಯಾಕ್ಟರು ಹಿಂದಕ್ಕೆ ತಿರುಗಿಕೊಂಡಿತು. ಕೊಟ್ರಪ್ಪ ಅದರ ಕಡೆಗೆ ಒಂದು ಹೆಜ್ಜೆ ಇಟ್ಟ. ಆದರೆ ಸಾಹೇಬರು ಅವನ ಎರಡೂ ಕೈಗಳನ್ನು ಹಿಡಿದುಕೊಂಡಿದ್ದರು, ಅವರ ಕಣ್ಣು ಒದ್ದೆಯಾಗಿತ್ತು. ಹಾಗೆ ಕೈ ಹಿಡಿದವರಿಗೆ ಅವನು ಬೇರೇನು ತಾನೇ ಹೇಳಿಯಾನು?

"ತುಂಬಾ ಥ್ಯಾಂಕ್ಸ್ ಸಾರ್," ಎಂದ.

ಟ್ರ್ಯಾಕ್ಟರಿನ ಸದ್ದು ಕುಂದಲಹಳ್ಳಿ ರಸ್ತೆಯಲ್ಲಿ ಪೂರ್ತಿ ಅಡಗುವವರೆಗೂ ಸಾಹೇಬರು ಅವನ ಕೈ ಬಿಡಲಿಲ್ಲ.