ಡ್ರಮ್ಮು ನಿಂತಾಗ ತ್ವರಿತ ಕ್ರಮ

ಮಿರಜದ ಹೊರಗಿರುವ ನಮ್ಮ ಅರಿಶಿನ ಪಾಲಿಶ್ ಕಂಪನಿಯಲ್ಲಿ, ತರಬೇತಿ ಪಡೆಯದೆ ಯಾರೂ ಯಾವ ಕೆಲಸವನ್ನೂ ಬಲ್ಲವರಾಗಿರತಕ್ಕದ್ದಲ್ಲ ಎಂಬ ನಿಯಮ ಜೂನ್ ಒಂದರಿಂದ ಜಾರಿಗೆ ಬಂತು. ಮೊದಲೇ ಬಲ್ಲವರಿಗೆ ಮರೆಯಲು ಮೂರು ದಿನ ಕಾಲಾವಕಾಶ ಕೊಡಲಾಗಿತ್ತು.

ಖಂಡೇರಾಜುರಿಯ ಧರೆಪ್ಪ ಇಪ್ಪತ್ತಾರು ವರ್ಷದಿಂದ ಅರಿಶಿನದ ಕೊಂಬು ತಿಕ್ಕಿ ಹೊಳಪು ಕೊಡುವ ಪಾಲಿಶ್ ಡ್ರಮ್ಮು ನಡೆಸುತ್ತಿದ್ದ. ಸಪ್ಪಳದ ಮೇಲೆಯೇ ಯಾವ ಬೇರಿಂಗು ಬಿಸಿಯಾಗಿದೆ ಎಂದು ಹೇಳುತ್ತಿದ್ದ. ಮೂರು ದಿನದಲ್ಲಿ ಅವನಿಗೆ ಏನೂ ಮರೆಯಲಿಲ್ಲ. ಆದಕಾರಣ ‘ಡ್ರಮ್ಮು ನಿಂತಾಗ ತ್ವರಿತ ಕ್ರಮ’ ಎಂಬ ಐದು ದಿನಗಳ ಶಿಬಿರಕ್ಕೆ ಅವನನ್ನು ಕಳಿಸಲಾಯಿತು. ಪುಣೆಯಿಂದ ಬಂದ ತರಬೇತುದಾರ ಭೂಷಣ ಡ್ರಮ್ಮನ್ನು ಕಂಡವನಲ್ಲ. ಕಂಡರೆ ದೃಷ್ಟಿ ಸಂಕುಚಿತವಾಗುತ್ತದೆ ಎಂದು ಅವನೇ ತಿಳಿಸಿದ.

ಮಂಗಳವಾರ ಹನ್ನೊಂದಕ್ಕೆ ಡ್ರಮ್ಮು ನಿಂತಿತು. ಧರೆಪ್ಪ ಎದ್ದ.

“ಎಲ್ಲಿಗೆ ಹೊಂಟ್ರಿ, ಕಾಕಾ?” ಎಂದಳು ತರಬೇತಿ ವಿಭಾಗದ ಹರ್ಷದಾ.

“ಬೆಲ್ಟ್ ಜಾರೈತಿ ಮ್ಯಾಡಮ್. ಹತ್ತು ಮಿನಿಟಿನ ಕೆಲಸ.”

“ನಡುವ ಹೋದ್ರ ಗೈರುಹಾಜರಿ ಬೀಳ್ತದರಿ. ತ್ವರಿತ ಕ್ರಮ ಶುಕ್ರವಾರದ ಪಾಠದಾಗ ಅದ.”

ಧರೆಪ್ಪ ಕುಳಿತ. ಅಂದಿನ ಪಾಠ ‘ಆಲಿಸುವ ಕಲೆ’. ನಿಂತ ಡ್ರಮ್ಮಿನ ಬಳಿ ಸುಮ್ಮನೆ ಕುಳಿತ ನಲವತ್ತು ಜನ ಕೆಲಸಗಾರರ ಹೆಸರಿನ ಮುಂದೆ ‘ಸ್ವಯಂ ಅಧ್ಯಯನ’ ಎಂದು ಬರೆಯಲಾಯಿತು.

ಶುಕ್ರವಾರ ಎಲ್ಲರಿಗೂ ಪರೀಕ್ಷೆ. ಡ್ರಮ್ಮು ನಿಂತರೆ ಮೊದಲು ಏನು ಮಾಡುವಿರಿ? ಧರೆಪ್ಪ ಬರೆದ: ‘ಎದ್ದು ಹೋಗತೇನಿ.’ ಸರಿ ಉತ್ತರ: ‘ಮೇಲಿನವರಿಗೆ ತಿಳಿಸಿ ಕಾಯುವುದು.’ ನಾಲ್ಕು ದಿನ ಕಾದಿದ್ದ ನಲವತ್ತೂ ಜನ ಪಾಸಾದರು. ಧರೆಪ್ಪನೊಬ್ಬ ನಪಾಸು. ಡ್ರಮ್ಮು ಮುಟ್ಟುವ ಅಧಿಕಾರ ಹೋಯಿತು.

“ಹಂಗಾರ ಇನ್ನ ನನ್ನ ಕೆಲಸ ಏನ್ರಿ?”

“ಕಲಿಯೋದು, ಕಾಕಾ.”

ಪ್ರಮಾಣಪತ್ರವಿದ್ದ ಭೂಷಣ ಬೋಲ್ಟು ಬಿಚ್ಚುವ ಪಾನಾ ಹಿಡಿದ. ಅಧಿಕಾರವಿಲ್ಲದ ಧರೆಪ್ಪ ಕೈ ಹಿಂದೆ ಕಟ್ಟಿ ಹೇಳಿಕೊಟ್ಟ. ಬೆಲ್ಟು ಕೂಡಲು ಮೂರು ತಾಸು ಹಿಡಿಯಿತು. ಅದು ಭೂಷಣನ ಕ್ಷೇತ್ರಾನುಭವದಲ್ಲಿ ಜಮಾ ಆಯಿತು.

ಮರು ಬುಧವಾರ ಡ್ರಮ್ಮು ಮತ್ತೆ ನಿಂತಿತು. ನಲವತ್ತು ಜನ ಮೇಲಿನವರಿಗೆ ಅರ್ಜಿ ಬರೆದು ಕುಳಿತರು. ಧರೆಪ್ಪನ ಕೈ ತಾನಾಗಿ ಪಾನಾದ ಕಡೆ ಹೋಯಿತು. ಅವನು ಕೈಯನ್ನು ಹಿಂದಕ್ಕೆಳೆದುಕೊಂಡು, ಒಂದು ಹಾಳೆ ಕೇಳಿ ಪಡೆದು, ಅರ್ಜಿ ಬರೆದ. ಹರ್ಷದಾ ಅಲ್ಲಿಯೇ ಅವನನ್ನು ಪಾಸು ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಧರೆಪ್ಪ ಎರಡೂ ಕೈಯಿಂದ ಪ್ರಮಾಣಪತ್ರ ತೆಗೆದುಕೊಂಡ. “ಈಗ ಹೋಗಿ ಬೆಲ್ಟ್ ಹಾಕಲೇನ್ರಿ?”

“ಅರ್ಜಿಗೆ ಉತ್ತರ ಬರಲಿ, ಕಾಕಾ.”

“ಖರೇ ಅದ,” ಎಂದ ಧರೆಪ್ಪ. ಅಷ್ಟರಲ್ಲಿ ಚಹಾ ಬಂತು.